ಮೂರನೇ ಕುರ್ಚಿ, ನಾಲ್ಕನೇ ಕುರ್ಚಿ

ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಏಳಕ್ಕೆ,
ಟ್ರರಾಲ್ಗನ್ ಆಸ್ಪತ್ರೆಯ ಡಯಾಲಿಸಿಸ್ ಕೋಣೆ.
ಮೂರನೇ ಕುರ್ಚಿಗೆ ಸಾವಿಯೊ ಗ್ರೆಕ್,
ನಾಲ್ಕನೆಯದಕ್ಕೆ ಡಲ್ಸಿ ಪ್ರಿಚರ್ಡ್.
ಸೂಜಿ ಚುಚ್ಚುವ ತನಕ ಇಬ್ಬರೂ ಸಭ್ಯರು.
ರಕ್ತ ಕೊಳವೆಗಿಳಿದು ಪಂಪು ತಿರುಗಿತೋ,
ಶುರು.

ಆತ ಮೂವತ್ತೊಂದು ವರ್ಷ ಬಾಯ್ಲರಿಗೆ
ಕಂದು ಕಲ್ಲಿದ್ದಲು ಉಣಿಸಿದವ.
"ಈ ನೆಲದಡಿ ಐನೂರು ವರ್ಷಕ್ಕಾಗುವಷ್ಟಿದೆ" ಎಂದು
ಎಂಬತ್ತೆರಡರಲ್ಲಿ ಸೂಪರಿಂಟೆಂಡೆಂಟ್ ಹೇಳಿದ್ದನ್ನು
ಇವತ್ತಿಗೂ ಜೇಬಿನ ಚಿಲ್ಲರೆಯಂತೆ ಕುಲುಕುತ್ತಾನೆ.
ಆಕೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವಳು;
ಮಡಿಲ ತುಂಬ ಗ್ರಾಫು, ಎಲ್ಲ ಗೆರೆಯೂ ಏರುವವೇ.

"ಮೂವತ್ತೈದರ ಹೊತ್ತಿಗೆ ಒಂದು ಕೆಂಡವೂ ಬೇಕಿಲ್ಲ."
"ನಿನ್ನ ಲೆಕ್ಕದಲ್ಲಿ ಎರಡು ಸಾವಿರದ ಹತ್ತಕ್ಕೇ ಬೇಕಿರಲಿಲ್ಲವಲ್ಲ, ಡಲ್ಸಿ!"
"ನಿನ್ನ ಐನೂರು ವರ್ಷ ಮೂವತ್ತೈದೇ ವರ್ಷಕ್ಕೆ ಮುಗಿಯಿತಲ್ಲ!
ಚಿಮಣಿ ಉರುಳಿದ ದಿನ ಅತ್ತವರು ಯಾರು?"
"ದೂಳು ಬಿತ್ತು ಕಣ್ಣಿಗೆ."

(ಆತನ ಸೂರಿನ ಮೇಲೆ ಹದಿನಾಲ್ಕು ಸೋಲಾರ್ ಹಲಗೆ.
ಕೇಳಿದರೆ, ಬಿಲ್ಲಿಗೆ ಪಕ್ಷವಿಲ್ಲ ಅನ್ನುತ್ತಾನೆ.
ಆಕೆಯ ಹಜಾರದಲ್ಲಿ ಸೌದೆ ಒಲೆ.
ಅದರ ಮಾತು ನಾವು ಎತ್ತುವುದಿಲ್ಲ.)

"ನೀನು ಹೇಳು, ಶಾಜ್." ಪಂಚಾಯ್ತಿ ನನ್ನ ತಲೆಗೆ.
ನಾನು ಶರಾವತಿ. ಗದಗಿನಲ್ಲಿ ಲೈನ್‌ಮನ್ ಆಗಿದ್ದ ಅಪ್ಪ
ಕರೆಂಟು ಹುಟ್ಟುವ ಕಡೆಯ ಹೆಸರನ್ನೇ ಮಗಳಿಗಿಟ್ಟ.
ಆ ಕರೆಂಟಿಗಾಗಿ ಮುಳುಗಿದ ಊರುಗಳ ಹೆಸರನ್ನು
ಯಾರೂ ಯಾವ ಮಗಳಿಗೂ ಇಡಲಿಲ್ಲ.

ನಮ್ಮಲ್ಲಿ ಯುಗಾದಿಗೆ ಪಂಚಾಂಗ ಓದುತ್ತಾರೆ, ಅಂದೆ,
ಈ ವರ್ಷ ಇಷ್ಟು ಕೊಳಗ ಮಳೆ ಅಂತ.
ಮಳೆ ಎಂದೂ ಕೊಳಗ ಹಿಡಿದು ಬಂದದ್ದಿಲ್ಲ.
ಆದರೆ ಪಂಚಾಂಗ ಹೋದರೆ ನಕ್ಷತ್ರ ಹೋಗುತ್ತದೆಯೇ?
"ನೋಡಿದೆಯಾ!" ಅಂದ ಆತ.
"ಕೇಳಿದೆಯಾ!" ಅಂದಳು ಆಕೆ.

ಫೆಬ್ರವರಿಯ ಆ ಗುರುವಾರ. ಹೊರಗೆ ನಲವತ್ತಮೂರು ಡಿಗ್ರಿ,
ಮೇಲೆ ಒಣ ಬಿರುಗಾಳಿ. ಎಲ್ಲೋ ಒಂದು ಟವರು
ಮೊಣಕಾಲೂರಿತು. ದೀಪ ಹೋಯಿತು.
ಯಂತ್ರಗಳೆಲ್ಲ ಒಟ್ಟಿಗೆ ಚೀರಿ, ಬ್ಯಾಟರಿಗೆ ಹೊರಳಿ, ಸುಮ್ಮನಾದವು.
ನಾಲ್ಕನೆಯದು ಮಾತ್ರ ಸುಮ್ಮನಾಗಿ, ಸತ್ತಿತು.
ಜನರೇಟರು ಕೆಮ್ಮುತ್ತಿದೆ, ಹತ್ತುತ್ತಿಲ್ಲ.
ಡಲ್ಸಿಯ ಒಂದು ಲೋಟ ರಕ್ತ ಮೈಯಿಂದಾಚೆ ನಿಂತಿದೆ.

ಹಿಡಿಕೆ ಎಳೆದು ಪಂಪನ್ನು ಕೈಯಲ್ಲೇ ತಿರುವಿದೆ,
ಬೀಸುವ ಕಲ್ಲು ತಿರುವಿದ ಹಾಗೆ.
"ಅವಸರ ಬೇಡ," ಕತ್ತಲಲ್ಲಿ ಮೂರನೇ ಕುರ್ಚಿ.
"ಒಂದೇ ಸಮ. ನಾನು ಎಣಿಸುತ್ತೇನೆ."
ಬಾಯ್ಲರಿನ ಪಕ್ಕ ಕಲಿತ ದನಿಯಲ್ಲಿ ಎಣಿಸಿದ.
ಆಕೆ ಕಣ್ಣು ಮುಚ್ಚಿ, ತುಟಿಯಲ್ಲೇ ಜೊತೆಗೆ ಎಣಿಸಿದಳು.
ಆರು ನಿಮಿಷ. ಅಷ್ಟು ಹೊತ್ತು ಇಬ್ಬರೂ ಒಪ್ಪಿದ್ದನ್ನು
ನಾನು ಕಂಡದ್ದು ಅದೊಂದೇ ಸಲ.

ದೀಪ ಬಂತು.
"ಡೀಸೆಲ್," ಅಂದ ಗ್ರೆಕ್, ತಡೆಯಲಾರದೆ.
"ಅದಕ್ಕೂ ಮೊದಲು ಶಾಜಳ ತೋಳು. ಏನು ತಿಂದೆ ಬೆಳಿಗ್ಗೆ?"
"ಅವಲಕ್ಕಿ."
"ಅಂದರೆ ಅಕ್ಕಿ. ಅಂದರೆ ಬಿಸಿಲು."
"ಕಲ್ಲಿದ್ದಲೂ ಬಿಸಿಲೇ, ಡಲ್ಸಿ. ಹಳೆಯದು."
"ಹಳಸಿದ್ದು."

ಐವತ್ತನೇ ಇಸವಿಗೆ ಪಣ ಕಟ್ಟಿದ್ದಾರೆ: ಒಂದು ಡಜನ್ ಬಿಯರು.
ಇಬ್ಬರ ಫೈಲಿನಲ್ಲೂ ಡಾಕ್ಟರ ಅಂದಾಜು ಬೇರೊಂದಿದೆ,
ವರ್ಷದಲ್ಲಲ್ಲ, ತಿಂಗಳಲ್ಲಿ. ಓದಿಯೂ ಇದ್ದಾರೆ.
ಅದರ ಮೇಲೆ ಇಬ್ಬರದೂ ತಕರಾರಿಲ್ಲ.
ಪಣದ ಚೀಟಿ ನನ್ನ ಕೈಗಿಟ್ಟರು:
"ಸಾಕ್ಷಿ ನೀನು. ನೀನಿರುತ್ತೀಯ."

ಲೆಕ್ಕ ಹಾಕಿದೆ. ನನಗಾಗ ಅರವತ್ತೇಳು.
ಸೂಜಿ ತೆಗೆದು, ಹತ್ತಿ ಇಟ್ಟು, ಒತ್ತಿ ಹಿಡಿದೆ,
ಹತ್ತು ನಿಮಿಷ.