ಸೋಮವಾರ ತೆಗೆಯುತ್ತೇನೆ

ಗ್ರಿಮ್ಸ್‌ಬಿಯ ಮೀನು ಮಾರುಕಟ್ಟೆ, ಬೆಳಗಿನ ಜಾವ ನಾಲ್ಕೂ ಹತ್ತು.
ಮಂಜುಗಡ್ಡೆ ಹೊದ್ದ ಹ್ಯಾಡಕ್ ಪೆಟ್ಟಿಗೆಗಳು ಸಾಲಾಗಿ ಕಾದಿವೆ,
ತೂಕದ ಯಂತ್ರ ಮಾತ್ರ ಬಾಯಿ ಬಿಡುತ್ತಿಲ್ಲ.
"ಏಳಕ್ಕೆ ಹರಾಜು, ವಾಸ್," ಎನ್ನುತ್ತಾನೆ ಬ್ಲೆಂಕಿನ್
ಮೂರನೆಯ ಸಲ, ರಬ್ಬರ್ ಬೂಟಿನಲ್ಲಿ ನೀರು ತುಳಿಯುತ್ತ.
ವಸುಮತಿ ಅವನ ನಾಲಿಗೆಗೆ ಹೊರಳಲಿಲ್ಲ.
ಇರಲಿ, ಅರ್ಧ ಹೆಸರಿಗೂ ನಾನು ಓಗೊಡುತ್ತೇನೆ.
ಯಂತ್ರಗಳಿಗೆ ಆ ದಾಕ್ಷಿಣ್ಯ ಇಲ್ಲ.

ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು
ಬೆರಳಿಗೆ ಬಿಸಿಯುಸಿರು ಊದಿ ಶುರುಮಾಡುತ್ತೇನೆ.
ಕೇಬಲ್ ಇದೆ. ಹಸಿರು ದೀಪ ಮಿಟುಕುತ್ತಿದೆ.
ಹ್ಯಾಲಿಬಟ್ ಎಂಬ ಸರ್ವರಿಗೆ ಪಿಂಗ್ ಕಳಿಸಿದರೆ
ತೂಕದ ಯಂತ್ರದ ವಿಳಾಸದಿಂದಲೇ ಉತ್ತರ: ತಲುಪಲಾಗದು.
ಬಾಗಿಲು ತಟ್ಟಿದವನೂ ತಾನೇ,
ಯಾರೂ ಇಲ್ಲವೆಂದು ಬಂದು ತನಗೇ ಹೇಳಿದವನೂ ತಾನೇ.

ತಂತಿಗೆ ಕಿವಿಯಿಟ್ಟೆ. ಸೆಕೆಂಡಿಗೊಂದು ಕೂಗು:
ಇಪ್ಪತ್ತು ಯಾರು? ಹದಿನಾಲ್ಕಕ್ಕೆ ತಿಳಿಸಿ.
ಇಪ್ಪತ್ತು ಯಾರು? ಹದಿನಾಲ್ಕಕ್ಕೆ ತಿಳಿಸಿ.
ಪ್ರಿಂಟರು, ಕ್ಯಾಮೆರಾ, ಕ್ಯಾಂಟೀನಿನ ಗಲ್ಲಾ, ಎಲ್ಲಕ್ಕೂ ಕೇಳಿಸುತ್ತದೆ.
ನಾನಲ್ಲ ಎಂದು ಯಾರೂ ಹೇಳುವುದಿಲ್ಲ, ಅದು ಅವರ ಮರ್ಯಾದೆ.
ಇಪ್ಪತ್ತೇ ಬಾಯಿ ತೆರೆಯಬೇಕು,
ಇಪ್ಪತ್ತು ಈಗ ಇಲ್ಲ.

ಇರಲು ಸಾಧ್ಯವೂ ಇಲ್ಲ. ನಿನ್ನೆ ಸಂಜೆ ಆರಕ್ಕೆ
ಹ್ಯಾಲಿಬಟ್ಟನ್ನು ಹೊಸ ಕಪಾಟಿಗೆ ಸಾಗಿಸಿ
ನಲವತ್ತೈದು ಕೊಟ್ಟವಳು ನಾನೇ.
ಹೆಸರುಗಳ ದಫ್ತರದಲ್ಲಿ ಬರೆಸಿಯೂ ಬಂದೆ.
ಈಗ ದಫ್ತರವನ್ನು ಕೇಳಿದೆ, ಥಟ್ಟನೆ ಅಂದಿತು: ನಲವತ್ತೈದು.
ಮತ್ತೆ ಕೇಳಿದೆ. ನಲವತ್ತೈದು.
ಮತ್ತೆ ಈ ಮೊಂಡನಿಗೆ ಇಪ್ಪತ್ತೆಂದು ಹೇಳಿಕೊಟ್ಟವರಾರು?

ಐದು ಗಂಟೆಗೆ ಸ್ವಿಚ್ಚು ಬದಲಿಸಿದೆ. ಐದೂಕಾಲಿಗೆ ಕೇಬಲ್ಲು.
ಕೂಸು ಕಂಕುಳಲ್ಲಿ, ಹುಡುಕಾಟ ಊರೆಲ್ಲ.
ಊರನ್ನು ಕೇಳುವ ಮೊದಲು ಯಂತ್ರ
ತನ್ನ ಜೇಬಿನ ಚೀಟಿ ನೋಡಿಕೊಳ್ಳುತ್ತದೆ,
ಇಷ್ಟು ವರ್ಷದ ಮೇಲೂ ಇದು ನನಗೆ ಕೊನೆಗೇ ನೆನಪಾಗುವುದು.

ತೆರೆದೆ. ಮೂರನೆಯ ಸಾಲು:
ಇಪ್ಪತ್ತು, ಹ್ಯಾಲಿಬಟ್. ಪಕ್ಕದಲ್ಲೊಂದು ಟಿಪ್ಪಣಿ:
ಸದ್ಯಕ್ಕೆ ಹೀಗೆ, ಸೋಮವಾರ ತೆಗೆಯುತ್ತೇನೆ, ಕ್ಲಿಫ್.

ಕ್ಲಿಫ್‌ನನ್ನು ನಾನು ಕಂಡವಳಲ್ಲ.
ಪ್ರತಿ ತಂತಿಗೂ ಬಿಳಿ ಪಟ್ಟಿ ಸುತ್ತಿ
ಓರೆ ಅಕ್ಷರದಲ್ಲಿ ಹೆಸರು ಬರೆದವನು.
ಈಗ ಮೇಬಲ್‌ಥಾರ್ಪಿನಲ್ಲಿ ಕಾರವಾನ್ ಹಾಕಿಕೊಂಡಿದ್ದಾನಂತೆ.
ಹನ್ನೊಂದು ವರ್ಷದ ಸೋಮವಾರಗಳು ಬಂದು ಹೋದವು,
ಅವನ ಸಾಲು ಅಷ್ಟೂ ದಿನ ನಿಜವನ್ನೇ ಹೇಳಿತು.
ಸುಳ್ಳಾಗಿಸಿದ್ದು ನಾನು, ಸಂಜೆ ಆರಕ್ಕೆ.

ಅಳಿಸಲು ಕೈ ಬರಲಿಲ್ಲ.
ಸಾಲಿನ ಮುಂದೊಂದು ಅಡ್ಡಗೆರೆಯ ಗುರುತಿಟ್ಟು ಬಾಯಿ ಕಟ್ಟಿದೆ.
ಯಂತ್ರ ಗಂಟಲು ಸರಿಮಾಡಿಕೊಂಡಿತು:
ನಲವತ್ತೊಂದು ಕಿಲೋ, ಆರುನೂರು ಗ್ರಾಂ, ಹ್ಯಾಡಕ್.

"ಏನಾಗಿತ್ತು?"
"ಮನೆ ಬದಲಾಗಿತ್ತು. ಇವನೊಬ್ಬನಿಗೆ ಹೇಳಿರಲಿಲ್ಲ."
ಬ್ಲೆಂಕಿನ್ ಕೈಗವಸು ಬಿಚ್ಚಿದ, ಮತ್ತೆ ತೊಟ್ಟ.
"ನನ್ನ ಮಗಳೂ ಹಾಗೇ ಮಾಡಿದಳು," ಅಂದು
ಮುಂದಿನ ಪೆಟ್ಟಿಗೆಗೆ ಕೊಕ್ಕೆ ಹಾಕಿ ಎಳೆದ.

ಶೈತ್ಯಾಗಾರದಲ್ಲಿ ಇನ್ನೆರಡು ಯಂತ್ರಗಳಿವೆ,
ಅವುಗಳ ಜೇಬಿನಲ್ಲೂ ಇದೇ ಚೀಟಿ ಇರಬಹುದು.
ಸೋಮವಾರ ನೋಡುತ್ತೇನೆ.