ಹುಳಿಹಿಟ್ಟು

ಅಖ್ಮೀಮಿನ ಇಗರ್ಜಿಯ ಹಿಂದೆ ಒಲೆಮನೆ,
ಅದನ್ನೂ ಬೆತ್ಲೆಹೇಮ್ ಎಂದೇ ಕರೆಯುತ್ತೇವೆ.
ನಡುರಾತ್ರಿ ಕಳೆದ ಮೇಲೆ ನಾನು, ಅಬಾದೀರ್,
ಉಪ್ಪಿಲ್ಲದ ಹಿಟ್ಟು ನಾದುತ್ತ ಕೀರ್ತನೆ ಗುನುಗುತ್ತೇನೆ.

ನಿಜ ಹೇಳಲೇ?
ಐವತ್ತೈದು ದಿನದ ಉಪವಾಸದಲ್ಲೂ
ಹಸಿದದ್ದು ಹೊಟ್ಟೆ ಮಾತ್ರ.
ಬೆಂದ ಅವರೆ, ಈರುಳ್ಳಿ, ನೈಲ್ ಮೀನಿನ ಹುರಿದ ವಾಸನೆ,
ಆಮೇಲೆ ದೇವರ ನೆನಪು,
ಬಂದರೆ.

ಹಿಂದಿನ ಒಲೆಗಾರ ಬೆಸಾದ, ಕಣ್ಣು ಮಂಜಾದವನು,
ಮಡಕೆಯ ಬಟ್ಟೆ ಸರಿಸಿ ಅಂದ:
"ಮೂಸಿ ನೋಡು. ನಿನ್ನೆ ಇದಕ್ಕೆ ಹಿಟ್ಟು ಹಾಕಿಲ್ಲ ನೀನು.
ಸತ್ತಿಲ್ಲ, ಸೊರಗಿದೆ.
ಹಸಿವೂ ಹೀಗೇ ಮಗಾ,
ತಾನಾಗಿ ಉಳಿಯೋದಿಲ್ಲ, ಸಾಕಬೇಕು.
ದಿನಾ ಒಂದು ಹಿಡಿ."

ಯಾವುದರ ಹಿಡಿ ಎಂದು ನಾನು ಕೇಳಲಿಲ್ಲ.
ಅಂದಿನಿಂದ ಬೆಂಕಿ ಹೊತ್ತಿಸುವ ಮುನ್ನ
ಕತ್ತಲಲ್ಲಿ ಸುಮ್ಮನೆ ಕೂರುತ್ತೇನೆ.
"ಕರ್ತನೇ, ಬಾ." ಅಷ್ಟೇ.
ಎಷ್ಟೋ ಬೆಳಗು ಏನೂ ಉಬ್ಬಲಿಲ್ಲ.
ಮೊಣಕಾಲು ನೊಂದಿತು, ಕೋಳಿ ಕೂಗಿತು.

ಇವತ್ತು
ಶಿಲುಬೆಯ ಅಚ್ಚೊತ್ತಿ ಐದು ತೂತು ಚುಚ್ಚುವಾಗ
ಐದನೆಯದಕ್ಕೆ ಕೈ ನಿಂತುಬಿಟ್ಟಿತು.
ಒಲೆಯೆದುರು ಬಾಯಲ್ಲಿ ನೀರೂರಿತು,
ರೊಟ್ಟಿಗಲ್ಲ.