ಲೆಕ್ಕಕ್ಕಿಲ್ಲದ ಕಾಗೆ

ಉಕೆರೆವೆ ದ್ವೀಪಕ್ಕೆ ರೈಲು ಬರುವುದಿಲ್ಲ.
ಸುತ್ತ ವಿಕ್ಟೋರಿಯಾ ಸರೋವರ, ಆಚೆ ದಡಕ್ಕೊಂದು ಫೆರಿ,
ಅದೂ ಕೆಟ್ಟು ನಿಲ್ಲದಿದ್ದರೆ.
ಆದರೂ ನಮ್ಮ ನಾಲ್ಕನೇ ತರಗತಿಯ ಪುಸ್ತಕದಲ್ಲಿ,
ಪುಟ ಮೂವತ್ತೆರಡು,
ರೈಲೊಂದು ಗಂಟೆಗೆ ಅರವತ್ತು ಕಿಲೋಮೀಟರು ಓಡುತ್ತಲೇ ಇದೆ.
ಹತ್ತಿದವರಿಲ್ಲ, ಇಳಿದವರಿಲ್ಲ.

ಬ್ವಿರೆಗೆ ಕಥೆಯ ಗೊಡವೆ ಬೇಡ.
ಅಂಕಿ ಕಂಡರೆ ಸಾಕು, ಕೋಳಿ ಕಾಳು ಹೆಕ್ಕಿದಂತೆ
ಹೆಕ್ಕಿ ಕೂಡುತ್ತಾನೆ,
ಒಮ್ಮೆ ಪುಟದ ಸಂಖ್ಯೆಯನ್ನೂ ಸೇರಿಸಿ.
ನ್ಯಾಕಾತೊ ಜಾಣೆ:
'ಒಟ್ಟು' ಎಂದಿದ್ದರೆ ಕೂಡು, 'ಉಳಿದ' ಎಂದಿದ್ದರೆ ಕಳೆ.
ಹೋದ ವರ್ಷ ಆ ಉಪಾಯ ಹೇಳಿಕೊಟ್ಟವಳು ನಾನೇ.
"ಐದು ಮಾವು ಹಂಚಿದ ಮೇಲೆ ಎಂಟು ಉಳಿದವು,
ಮೊದಲು ಎಷ್ಟಿದ್ದವು?"
"ಮೂರು" ಅಂದಳು, ರೆಪ್ಪೆ ಬಡಿಯದೆ.
ಮೂರೇ ಹಣ್ಣಿಟ್ಟುಕೊಂಡು ಐದು ಹಂಚಿದ
ಆ ಪುಣ್ಯಾತ್ಗಿತ್ತಿ ಯಾರೆಂದು
ಯಾರೂ ಕೇಳಲಿಲ್ಲ.

ಸೋಮವಾರ ಪುಸ್ತಕ ಮುಚ್ಚಿಸಿದೆ.
"ನಿಮ್ಮ ನಿಮ್ಮ ಮನೆಯಿಂದ ಒಂದೊಂದು ಲೆಕ್ಕ ತನ್ನಿ.
ಉತ್ತರ ತರಬೇಡಿ."

ಮಾರನೆ ದಿನ ಮಗೇಸ ಎದ್ದು ಓದಿದ:
"ಅಜ್ಜಿ ಹತ್ತು ಬುಟ್ಟಿ ಡಗಾ ಮೀನು ಮರಳಲ್ಲಿ ಹರವಿದಳು.
ಮೂರು ಬುಟ್ಟಿ ಮಳೆಗೆ ಕೊಳೆತವು.
ಕಾಗೆ ಬಂತು.
ಸಂಜೆ ಆರು ಬುಟ್ಟಿ ತುಂಬಿದೆವು.
ಅಜ್ಜಿ ನನಗೆ ಯಾಕೆ ಬೈದಳು?"

"ಇದು ಲೆಕ್ಕವೇ ಅಲ್ಲ!"
"ಕಾಗೆಗೆ ಅಂಕಿಯೇ ಕೊಟ್ಟಿಲ್ಲ, ತೆಗೆದುಹಾಕು!"
"ಯಾಕೆ ತೆಗೀಲಿ? ಅದು ಬಂದಿತ್ತು."
ಪಾಪದ ಕಾಗೆ, ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನಾನು ತುಟಿ ಕಚ್ಚಿ ಕೂತೆ,
ಸೀಮೆಸುಣ್ಣ ಅಂಗೈಯಲ್ಲಿ ಬೆವೆಯುತ್ತಿತ್ತು.

"ಹತ್ತೊಂಬತ್ತು" ಅಂದ ಬ್ವಿರೆ, ರೂಢಿಯಂತೆ.
"ಹತ್ತು ಬುಟ್ಟಿಯಲ್ಲಿ ಹತ್ತೊಂಬತ್ತು ತಿಂದಿತಾ?"
ಹಿಂದಿನ ಬೆಂಚು ನಕ್ಕು ಉರುಳಿತು.
ಅವನು ಸಿಟ್ಟಿಗೆ ಕರಿಹಲಗೆಯ ಮೇಲೆ ಆ ಕಾಗೆಯನ್ನೇ ಬರೆದ,
ಹೊಟ್ಟೆ ಈ ತುದಿಯಿಂದ ಆ ತುದಿಗೆ.

ನ್ಯಾಕಾತೊ ನಗಲಿಲ್ಲ. ಮಗೇಸನ ಕಡೆ ತಿರುಗಿ,
"ಕಾವಲಿಗೆ ಕೂರಿಸಿದ್ದು ನಿನ್ನನ್ನಾ?"
"ಹೂಂ."
"ನಿದ್ದೆ ಹೋದೆಯಾ?"
ಅವನು ಕಾಲ್ಬೆರಳಿಂದ ನೆಲ ಕೆರೆದ.
"ಹಾಗಾದರೆ ಒಂದು ಬುಟ್ಟಿ" ಅಂದಳು.
ಎಲ್ಲೂ ಯಾವ ಪದವನ್ನೂ ಹುಡುಕಲಿಲ್ಲ ಅವಳು,
ಆ ಮರಳ ದಂಡೆಗೆ ಹೋಗಿ ಬಂದಿದ್ದಳು ಅಷ್ಟೆ.

ಗಂಟೆ ಹೊಡೆಯಿತು. ಎಲ್ಲರೂ ಓಡಿದರು.
ಬ್ವಿರೆ ಮಾತ್ರ ಹಲಗೆಯ ಮುಂದೆ,
ಅಂಗಿಯ ತೋಳಿಂದ ಕಾಗೆಯ ಹೊಟ್ಟೆ ಒರೆಸುತ್ತ,
ಸಣ್ಣದು ಮಾಡುತ್ತ, ಇನ್ನೂ ಸಣ್ಣದು ಮಾಡುತ್ತ.
"ಟೀಚರ್,
ಒಣಗಿದರೆ ಮೀನು ಕುಗ್ಗುತ್ತದಲ್ಲ?
ಕಾಗೆ ಏನೂ ತಿಂದೇ ಇಲ್ಲವೇನೋ."